ಸಿಟ್ಟು ಯಾರ ಮೇಲೆ?

ಕಳೆದ ಸೆಮಿಸ್ಟರ್‌ನಲ್ಲಿ ಒಂದು ರಾತ್ರಿ ರೂಮ್‌ಮೇಟ್‌ಗೆ ವಿಪರೀತ ಜ್ವರ. ನಾವು ಮೂವರು ಅವನನ್ನ ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಎಮರ್ಜೆನ್ಸಿ ತುಂಬಿತ್ತು. ನಮ್ಮ ನಂತರ ಬಂದ ಅಜ್ಜನನ್ನ ಮೊದಲು ಒಳಗೆ ಕರೆದಾಗ ನಾವು ಸಿಸ್ಟರ್ ಜೊತೆ ಜಗಳಕ್ಕೇ ನಿಂತ್ವಿ. ಅವರು ಹೇಳಿದ್ದು ಇಷ್ಟೇ: "ಅವರಿಗೆ ಎದೆನೋವು ಕಣ್ರಪ್ಪಾ. ಮೇಲೆ ವಾರ್ಡಲ್ಲಿ ಬೆಡ್ ಖಾಲಿಯಾದ್ರೆ ಇಲ್ಲಿರೋರನ್ನ ಕಳಿಸ್ತೀನಿ, ಆಮೇಲೆ ನಿಮ್ಮ ಫ್ರೆಂಡು."

ಈ ಸೆಮ್‌ನಲ್ಲಿ ಲಿಟಲ್ಸ್ ಲಾ ಓದುವಾಗ ಆ ಮಾತು ನೆನಪಾಯ್ತು. ಗಂಟೆಗೆ ಎಷ್ಟು ಜನ ಬರ್ತಾರೆ, ಒಬ್ಬೊಬ್ಬರು ಎಷ್ಟು ಗಂಟೆ ಇರ್ತಾರೆ, ಎರಡನ್ನೂ ಗುಣಿಸಿದರೆ ಒಳಗಿರುವವರ ಸರಾಸರಿ ಸಂಖ್ಯೆ. ಬರುವವರು ಹೆಚ್ಚದಿದ್ದರೂ, ವಾರ್ಡ್‌ಗೆ ಹೋಗಬೇಕಾದವರು ಅಲ್ಲೇ ಉಳಿದರೆ ಸಾಕು, ಎಮರ್ಜೆನ್ಸಿ ತುಂಬುತ್ತದೆ.

ಇಂಗ್ಲೆಂಡಿನಲ್ಲಿ ಇದೇ ದೊಡ್ಡ ರಾಜಕೀಯ. ಬಂದ ನಾಲ್ಕು ಗಂಟೆಯೊಳಗೆ ರೋಗಿಯನ್ನ ಅಡ್ಮಿಟ್ ಮಾಡಬೇಕು, ಇಲ್ಲವೇ ಚಿಕಿತ್ಸೆ ಕೊಟ್ಟು ಕಳಿಸಬೇಕು ಎಂಬ ಗುರಿ ಅಲ್ಲಿದೆ. ಮೊದಲು 98% ಇದ್ದದ್ದನ್ನ 2010ರಲ್ಲಿ 95%ಕ್ಕೆ ಇಳಿಸಿದರು. ಜುಲೈ 2015ರ ನಂತರ ಅದನ್ನೂ ಮುಟ್ಟಿಲ್ಲ. ಪಕ್ಷಗಳು ಒಂದನ್ನೊಂದು ದೂರುತ್ತವೆ. ಗುಣವಾದರೂ ಹೊರಗೆ ನೋಡಿಕೊಳ್ಳುವ ವ್ಯವಸ್ಥೆಯಿಲ್ಲದೆ ಎಷ್ಟೋ ವೃದ್ಧರು ವಾರ್ಡಿನಲ್ಲೇ ಉಳಿಯುತ್ತಾರೆ. ಕ್ಯೂ ಬಾಗಿಲಲ್ಲಿ ಬೆಳೆಯುತ್ತದೆ.

ನಮ್ಮ ಗೆಳೆಯನಿಗೆ ಬೆಳಗಿನ ಜಾವ ಡ್ರಿಪ್ ಹಾಕಿದರು, ಹುಷಾರಾದ. ಮುಂದಿನ ಎಲೆಕ್ಷನ್‌ನಲ್ಲಿ ನಮ್ಮದು ಮೊದಲ ಓಟು. ಹೊಸ ಎಮರ್ಜೆನ್ಸಿ ಕಟ್ಟಡ ಕಟ್ತೀವಿ ಅಂತ ಬಂದವರನ್ನ ಕೇಳಬೇಕು: ವಾರ್ಡಲ್ಲಿ ಬೆಡ್ ಎಷ್ಟು, ಸಿಸ್ಟರ್‌ಗಳು ಎಷ್ಟು ಜನ? ಆ ರಾತ್ರಿ ನಾವು ಕೂಗಾಡಿದ್ದು, ಉತ್ತರ ಕೊಡಬೇಕಾದವರ ಮೇಲಲ್ಲ. ಆ ಸಿಸ್ಟರ್‌ಗೆ ಸಾರಿ ಹೇಳೋದು ಇನ್ನೂ ಬಾಕಿ ಇದೆ.