ಕಾವೇರಿ ದಡದಲ್ಲಿ ಫ್ರೆಂಚ್ ಆಮೆ

ಕುಶಾಲನಗರದಲ್ಲಿ ಸಿದ್ದಾಪುರದ ಬಸ್ ಹತ್ತಿದರೆ, ಕಾವೇರಿ ಸೇತುವೆಗೆ ಮೊದಲು ಸಿಗುವ ಊರು ನಮ್ಮ ನೆಲ್ಯಹುದಿಕೇರಿ. ಸುತ್ತ ಕಾಫಿ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಪೇಟೆಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಕನ್ನಡ, ಮಲಯಾಳಂ, ಕೊಡವ ತಕ್ಕ್, ತುಳು ಎಲ್ಲ ಕಿವಿಗೆ ಬೀಳುತ್ತವೆ. ನಾನು ಮಲಯಾಳಂ ಕಲಿತದ್ದೇ ಬ್ಯಾಂಕಿನ ಕೌಂಟರಿನಲ್ಲಿ ಕುಳಿತು. ಹಾಗಾಗಿ ಎಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಫ್ರೆಂಚ್ ಪುಸ್ತಕ ಬಿಚ್ಚಿದಾಗ, ‘ಇದೂ ಒಂದು ಭಾಷೆ, ಅಷ್ಟೇ ತಾನೆ’ ಎಂದುಕೊಂಡೆ.

ಇದಕ್ಕೆ ಕಾರಣ ಎಂಟು ವರ್ಷದ ಮೊಮ್ಮಗಳು. ಮಗ, ಸೊಸೆ ಇರುವುದು ಫ್ರಾನ್ಸಿನ ತುಲೂಸ್ ನಗರದಲ್ಲಿ. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಉತ್ತರ ಮಾತ್ರ ಫ್ರೆಂಚಿನಲ್ಲಿ. ಕಳೆದ ರಜೆಗೆ ಬಂದವಳು ಕಥೆ ಪುಸ್ತಕವೊಂದನ್ನು ಇಲ್ಲೇ ಮರೆತುಹೋದಳು. ಅದನ್ನು ಓದಿಯೇ ತೀರಬೇಕು ಎಂದು ಹಠ ಹಿಡಿದೆ.

ಮಕ್ಕಳೇ, ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಫ್ರೆಂಚಿನಲ್ಲಿ ಪದದ ಕೊನೆಯ ಅಕ್ಷರ ಎಷ್ಟೋ ಸಲ ಮೌನವ್ರತ ಹಿಡಿದಿರುತ್ತದೆ. ನಮ್ಮ ಬಸ್ ಡಿಪೋ ಇದೆಯಲ್ಲ, ಇಂಗ್ಲಿಷಿನಲ್ಲಿ ಬರೆದರೆ ಕೊನೆಗೆ ‘ಟಿ’ ಇದ್ದರೂ ಯಾರೂ ‘ಡಿಪಾಟ್’ ಎನ್ನುವುದಿಲ್ಲ. ಅದು ಫ್ರೆಂಚಿನಿಂದ ಬಂದ ಪದ! ಎಣಿಕೆಯೂ ವಿಚಿತ್ರ. ಎಪ್ಪತ್ತನಾಲ್ಕಕ್ಕೆ ‘ಅರವತ್ತು-ಹದಿನಾಲ್ಕು’ ಎನ್ನುತ್ತಾರೆ, ಎಂಬತ್ತಕ್ಕೆ ‘ನಾಲ್ಕು ಇಪ್ಪತ್ತು’. ನೀರಿಗೆ ಇ, ಎ, ಯು ಎಂದು ಮೂರು ಅಕ್ಷರ ಬರೆದು ಓದುವುದು ಬರೀ ‘ಓ’!

ದಿನಾ ಸಂಜೆ ಹೊಳೆ ದಡದಲ್ಲಿ ಕುಳಿತು ಒಂದೊಂದೇ ಸಾಲು ಬಿಡಿಸಿದೆ. ಒಂದು ಆಮೆ, ಎರಡು ಬಾತುಕೋಳಿ, ಒಂದು ಕೋಲು. ಕೋಲನ್ನು ಕಚ್ಚಿ ಹಿಡಿದು ಆಮೆ ಆಕಾಶಕ್ಕೇರಿತು. ಅರೆ, ಇದು ನಮ್ಮ ಪಂಚತಂತ್ರದ ಕಥೆ! ಪಂಚತಂತ್ರವನ್ನು ಹನ್ನೊಂದನೇ ಶತಮಾನದಲ್ಲೇ ದುರ್ಗಸಿಂಹ ಕನ್ನಡಕ್ಕೆ ತಂದಿದ್ದ. ಅದೇ ಪಂಚತಂತ್ರ ಪರ್ಷಿಯಾ, ಅರಬ್ ನಾಡುಗಳನ್ನು ಸುತ್ತಿ ಫ್ರಾನ್ಸ್ ತಲುಪಿತ್ತು. 1678ರಲ್ಲಿ ಲಾ ಫೊಂತೇನ್ ಎಂಬ ಕವಿ ತನ್ನ ನೀತಿಕಥೆಗಳ ಎರಡನೇ ಸಂಗ್ರಹದಲ್ಲಿ ಭಾರತದ ಜ್ಞಾನಿಯ ಋಣ ನೆನೆದಿದ್ದಾನೆ. ಮುಂದೆ ಮೈಸೂರು ಸೀಮೆಯಲ್ಲಿ ಬಹುಕಾಲ ಇದ್ದ ಫ್ರೆಂಚ್ ಪಾದ್ರಿ ದ್ಯುಬ್ವಾ 1826ರಲ್ಲಿ ಪಂಚತಂತ್ರವನ್ನೇ ಪ್ಯಾರಿಸಿನಲ್ಲಿ ಫ್ರೆಂಚಿಗೆ ತಂದರು.

ಹಿಗ್ಗಿನಿಂದ ಮೊಮ್ಮಗಳಿಗೆ ಫೋನಿನಲ್ಲೇ ಓದಿದೆ. ಬಾತುಕೋಳಿಗೆ ‘ಕನಾರ್’ ಎನ್ನಬೇಕು. ನಾನು ‘ಕನಾರ್ಡ್’ ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ನಾಚಿಕೆಯಾಗಿ ಎರಡು ವಾರ ಪುಸ್ತಕ ಮುಟ್ಟಲಿಲ್ಲ. ಕೊನೆಗೆ ನಮ್ಮ ಮನೆಯವರೇ ಹೇಳಿದರು: “ಆಮೆ ಬಾಯಿ ಬಿಟ್ಟು ಕೆಟ್ಟಿತು. ನೀವು ಬಾಯಿ ಮುಚ್ಚಿಕೊಂಡು ಕೆಡ್ತೀರಿ ನೋಡಿ.”

ಮತ್ತೆ ಓದಿದೆ. ಈ ಸಲ ಕಥೆಯ ಕೊನೆಗೆ ಇನ್ನೊಂದು ಮಾತು ಸೇರಿಸಿದೆ: “ನಿನ್ನ ಪುಸ್ತಕದ ಆಮೆ ಹೊರಟಿದ್ದು ದೇಶ ನೋಡುವ ಆಸೆಗೆ. ನಮ್ಮ ಆಮೆ ಹೊರಟಿದ್ದು ಕೆರೆ ಬತ್ತಿತೆಂದು.”

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಏನೋ ಕೇಳಿದಳು. ‘ಪುರ್ಕ್ವಾ’, ‘ಪಪಾ’ ಎರಡು ಪದ ತಿಳಿಯಿತು. ‘ಯಾಕೆ’, ‘ಅಪ್ಪ’. ಮಗ ಹೇಳಿಕೊಡುವ ಮೊದಲೇ ಪ್ರಶ್ನೆ ನನ್ನ ಎದೆಗೆ ತಲುಪಿತ್ತು: ಅಪ್ಪ ಯಾಕೆ ಹೊರಟ?

ಎದುರಿಗೆ ಕಾವೇರಿ ಹರಿಯುತ್ತಿದ್ದಳು. 2019ರ ಆಗಸ್ಟಿನಲ್ಲಿ ಇದೇ ನದಿ ಉಕ್ಕಿ ನಮ್ಮೂರ ದಡದ ಎಷ್ಟೋ ಮನೆಗಳನ್ನು ಕೆಡವಿದ್ದಳು. ನೀರು ಬತ್ತಿದರೂ ಹೊರಡಬೇಕು, ಉಕ್ಕಿದರೂ ಹೊರಡಬೇಕು. ಮಗ ಹೊರಟದ್ದು ಮಾತ್ರ ಕೆಲಸಕ್ಕೆ. ದೇಶ ನೋಡುವ ಆಸೆಯೂ ಇತ್ತು. “ಎರಡೂ ಕಾರಣ, ಪುಟ್ಟಿ” ಎಂದೆ. ಆ ಕಡೆ ಮಗ ಮಾತಾಡಲಿಲ್ಲ.

ಮರುದಿನ ಫೋನ್ ಎತ್ತಿದಾಗ ಅವಳು ಕನ್ನಡದಲ್ಲೇ ಕರೆದಳು: “ತಾತಾ!”

“ಓ” ಎಂದೆ.

“ನೀರಾ?” ಎಂದು ಕೇಳಿ ನಕ್ಕಳು.