ಗೋಲು ಹೊಡೆಸುವವನು

ಕ್ರೊಯೇಷಿಯಾ ದೇಶದ ಲೂಕಾ ಮಾಡ್ರಿಚ್ ಎಂಬ ಫುಟ್‌ಬಾಲ್ ಆಟಗಾರನು ಸ್ಪೇನಿನ ರಿಯಲ್ ಮ್ಯಾಡ್ರಿಡ್ ಕ್ಲಬ್ಬಿನ ಪರವಾಗಿ 2012ರಿಂದ 2025ರವರೆಗೆ 597 ಪಂದ್ಯಗಳನ್ನು ಆಡಿದನು. ಅಷ್ಟು ಪಂದ್ಯಗಳಲ್ಲಿ ಆತ ಹೊಡೆದ ಗೋಲುಗಳು 43. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಹೇಳಿಕೊಟ್ಟ ನನಗೆ ಇಂಥ ಅಂಕಿಗಳನ್ನು ಕಂಡೊಡನೆ ಭಾಗಾಕಾರ ಮಾಡುವ ಚಟ. ಹದಿನಾಲ್ಕು ಪಂದ್ಯಕ್ಕೆ ಹೆಚ್ಚುಕಡಿಮೆ ಒಂದು ಗೋಲು ಎಂದಾಯಿತು. ಇಂಥವನಿಗೆ 2018ರಲ್ಲಿ, ಜಗತ್ತಿನ ಅತ್ಯುತ್ತಮ ಆಟಗಾರನಿಗೆ ಸಲ್ಲುವ ‘ಬ್ಯಾಲನ್ ಡಿ’ಓರ್’ ಎಂಬ ಚಿನ್ನದ ಚೆಂಡು ದೊರೆಯಿತು. ಅದಕ್ಕೆ ಹಿಂದಿನ ಹತ್ತು ವರ್ಷ ಆ ಚೆಂಡು, ಗೋಲುಗಳ ಮಳೆಗರೆದ ಮೆಸ್ಸಿ ಮತ್ತು ರೊನಾಲ್ಡೊ ಇಬ್ಬರ ಮನೆ ಬಿಟ್ಟು ಮೂರನೆಯವರ ಹೊಸ್ತಿಲು ತುಳಿದಿರಲಿಲ್ಲ. ಈ ಲೆಕ್ಕ ನನಗೆ ಹೊಂದಲಿಲ್ಲ. ಮಗಳ ಮಗನನ್ನು ಕೇಳಿದೆ. “ಅಜ್ಜಿ, ಅಂವ ಗೋಲ್ ಹೊಡ್ಯಾಂವ ಅಲ್ಲ, ಹೊಡಸಾಂವ” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟ.

ಆ ಒಂದು ಮಾತಿನ ಬೆನ್ನು ಹತ್ತಿ ನಾನು ಈ ಆಟವನ್ನು ನೋಡಲು ಕುಳಿತೆನೆಂದರೆ ನನ್ನ ವಯಸ್ಸಿನ ಓದುಗ ಸಹೋದರಿಯರು ನಕ್ಕಾರು. (ಅಷ್ಟು ದೊಡ್ಡ ಆಟಗಾರನನ್ನು ಏಕವಚನದಲ್ಲಿ ಕರೆಯುತ್ತಿರುವುದೂ ಈ ಸಲುಗೆಯಿಂದಲೇ. ನನ್ನ ಶಿಷ್ಯರಲ್ಲಿ ಎಷ್ಟೋ ಮಂದಿ ಅವನಿಗಿಂತ ಹಿರಿಯರು.) ಮೊದಮೊದಲು ಚೆಂಡಿನ ಹಿಂದೆ ಕಣ್ಣು ಓಡಿ ಓಡಿ ದಣಿಯುತ್ತಿತ್ತು. ಚೆಂಡನ್ನು ಬಿಟ್ಟು ಆ ಒಬ್ಬನನ್ನೇ ನೋಡು ಎಂದು ಮೊಮ್ಮಗ ಹೇಳಿದ ಮೇಲೆ ಆಟದ ಒಳಗು ಸ್ವಲ್ಪ ಸ್ವಲ್ಪವಾಗಿ ಕಾಣಿಸತೊಡಗಿತು.

ಮೈದಾನದ ನಡುಭಾಗದಲ್ಲಿ ನಿಂತು ಆಡುವವನನ್ನು ಮಿಡ್‌ಫೀಲ್ಡರ್ ಎನ್ನುತ್ತಾರೆ. ಹಿಂದಿನವರು ಎದುರಾಳಿಗಳಿಂದ ಕಸಿದ ಚೆಂಡನ್ನು ಪಡೆದು, ಮುಂದಿನವರಿಗೆ ತಕ್ಕ ಜಾಗದಲ್ಲಿ, ತಕ್ಕ ಹೊತ್ತಿನಲ್ಲಿ ಮುಟ್ಟಿಸುವುದು ಅವನ ಕೆಲಸ. ನಮ್ಮ ಜಾತ್ರೆ, ಮದುವೆಗಳ ಪಂಕ್ತಿಯಲ್ಲಿ ಬಡಿಸುವವರನ್ನು ನೆನೆಯಿರಿ. ಬಡಿಸಲು ಬಲ್ಲವರ ಸೌಟು ಒಂದು ಎಲೆಯ ಮೇಲಿರುವಾಗಲೇ ಕಣ್ಣು ನಾಲ್ಕು ಎಲೆಗಳಾಚೆ ಯಾರಿಗೆ ಸಾರು ಬೇಕು ಎಂಬುದನ್ನು ನೋಡಿಕೊಂಡಿರುತ್ತದೆ. ಬಾರದವರು ಎಲೆಯ ಮುಂದೆ ಬಂದು ನಿಂತು ಆಮೇಲೆ ಯೋಚಿಸುತ್ತಾರೆ. ಮಾಡ್ರಿಚ್ ಚೆಂಡು ತನ್ನ ಕಾಲಿಗೆ ಬರುವ ಮುನ್ನವೇ ಎಡ ಭುಜದ ಮೇಲಿಂದೊಮ್ಮೆ, ಬಲ ಭುಜದ ಮೇಲಿಂದೊಮ್ಮೆ ಹಿಂತಿರುಗಿ ನೋಡುತ್ತಾನೆ. ಚೆಂಡು ಬಂದಾಗ ಅವನಿಗೆ ಯೋಚಿಸಲು ಏನೂ ಉಳಿದಿರುವುದಿಲ್ಲ. ಎತ್ತರ ಐದು ಅಡಿ ಎಂಟು ಅಂಗುಲ, ಮೈಯಲ್ಲಿ ಮಾಂಸವೇ ಇಲ್ಲ. ಆದರೂ ಆರಡಿ ಆಳುಗಳು ಮೈಮೇಲೆ ಬರುವಷ್ಟರಲ್ಲಿ ಚೆಂಡು ಅಲ್ಲಿರುವುದಿಲ್ಲ.

ಈತ ಹುಟ್ಟಿದ್ದು 1985ರ ಸೆಪ್ಟೆಂಬರ್ 9ರಂದು, ಆಡ್ರಿಯಾಟಿಕ್ ಸಮುದ್ರದ ದಂಡೆಯ ಝಾದರ್ ಪಟ್ಟಣದಲ್ಲಿ. ಆಗ ಅದು ಯುಗೊಸ್ಲಾವಿಯಾಕ್ಕೆ ಸೇರಿತ್ತು. ಮನೆ ಇದ್ದುದು ವೆಲೆಬಿಟ್ ಬೆಟ್ಟದ ಇಳಿಜಾರಿನಲ್ಲಿ, ಮಾಡ್ರಿಚಿ ಎಂದೇ ಹೆಸರಾದ ಪುಟ್ಟ ಕೇರಿಯಲ್ಲಿ. ತಂದೆ ಸ್ಟೀಪೆ ಮತ್ತು ತಾಯಿ ರಾದೊಯ್ಕಾ ಇಬ್ಬರೂ ಹೆಣಿಗೆ ಬಟ್ಟೆಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದುದರಿಂದ ಮಗು ಬೆಳೆದದ್ದು ಬಹುಮಟ್ಟಿಗೆ ಅಜ್ಜನ ಕಲ್ಲುಮನೆಯಲ್ಲಿ. ಅಜ್ಜನ ಹೆಸರೂ ಲೂಕಾ. ರಸ್ತೆ ದುರಸ್ತಿಯ ಕೆಲಸಗಾರ. ಹಿರಿಯರ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮ ಮನೆಗಳಲ್ಲಿರುವಂತೆ ಅಲ್ಲಿಯೂ ಇದೆ. ಐದು ವರ್ಷದ ಲೂಕಾ ಕೋಲು ಹಿಡಿದು ಮೇಕೆಗಳನ್ನು ಅಟ್ಟುತ್ತಿರುವ ಹಳೆಯ ಚಲನಚಿತ್ರದ ತುಣುಕೊಂದು ಉಳಿದುಬಂದಿದೆ. ಅದನ್ನು ನಾನು ನೋಡಿದ್ದೇನೆ. ಕೈಯಲ್ಲಿನ ಕೋಲು ಹುಡುಗನಿಗಿಂತ ದೊಡ್ಡದು.

1991ರಲ್ಲಿ ಕ್ರೊಯೇಷಿಯಾ ಸ್ವಾತಂತ್ರ್ಯ ಸಾರಿತು; ಯುದ್ಧ ಹತ್ತಿಕೊಂಡಿತು. ಆ ವರ್ಷದ ಡಿಸೆಂಬರ್ 18ರಂದು ಸರ್ಬ್ ಬಂಡಾಯಗಾರರು ಅಜ್ಜ ಲೂಕಾನನ್ನು ಊರ ಸಮೀಪದಲ್ಲಿಯೇ ಕೊಂದರು. ಮನೆ ಸುಟ್ಟುಹೋಯಿತು. ಮೊಮ್ಮಗನಿಗೆ ಆಗ ಆರು ವರ್ಷ. ಕುಟುಂಬವು ಝಾದರ್‌ಗೆ ಓಡಿಬಂದು, ನಿರಾಶ್ರಿತರಿಗಾಗಿ ಬಿಟ್ಟುಕೊಟ್ಟಿದ್ದ ಕೊಲೊವಾರೆ ಎಂಬ ಹೋಟೆಲಿನಲ್ಲಿಯೂ ಆಮೇಲೆ ಇಝ್ ಎಂಬ ಇನ್ನೊಂದು ಹೋಟೆಲಿನಲ್ಲಿಯೂ ವರ್ಷಗಟ್ಟಲೆ ಬಾಳಿತು. ಪಟ್ಟಣದ ಮೇಲೆ ಫಿರಂಗಿ ಗುಂಡುಗಳು ಬೀಳುತ್ತಿದ್ದವು. ತಂದೆ ಸೈನ್ಯ ಸೇರಿ ವಿಮಾನಗಳ ಮೆಕ್ಯಾನಿಕ್ ಆದನು. ಹುಡುಗನು ಹೋಟೆಲಿನ ಮುಂದೆ ಕಾರು ನಿಲ್ಲಿಸುವ ಜಾಗದಲ್ಲಿ ಚೆಂಡು ಒದೆಯುತ್ತಿದ್ದನು. ಒಂದು ಕೋಣೆಯ ಸಂಸಾರ ಎಂದರೇನೆಂಬುದು ತವರಿನಲ್ಲಿ ನೆರೆ ಬಂದು ಮನೆ ಬಿಟ್ಟು ಶಾಲೆಯ ಕಟ್ಟಡದಲ್ಲಿ ಇಪ್ಪತ್ತು ದಿನ ಕಳೆದ ನನಗೆ ಅಷ್ಟಿಷ್ಟು ಗೊತ್ತು. ಇಪ್ಪತ್ತು ದಿನ ಎಲ್ಲಿ, ಅಷ್ಟೊಂದು ವರ್ಷ ಎಲ್ಲಿ!

ಝಾದರ್ ಕ್ಲಬ್ಬಿನ ಬಾಲಕರ ವಿಭಾಗದ ಮುಖ್ಯಸ್ಥರಾಗಿದ್ದ ತೊಮಿಸ್ಲಾವ್ ಬಾಶಿಚ್ ಎಂಬವರು ಈ ಹುಡುಗನನ್ನು ಕೈಹಿಡಿದರು. ಕ್ರೀಡಾ ಜೀವನದ ತಂದೆ ಎಂದೇ ಮಾಡ್ರಿಚ್ ಅವರನ್ನು ನೆನೆಯುತ್ತಾನೆ. ಆ ಕರಾವಳಿಯ ಹುಡುಗರಿಗೆಲ್ಲ ಸ್ಪ್ಲಿಟ್ ನಗರದ ಹೈದುಕ್ ಕ್ಲಬ್ ಎಂದರೆ ದೇವರು. ಅಲ್ಲಿ ಪರೀಕ್ಷೆಗೆ ಹೋದ ಲೂಕಾನನ್ನು ತೀರ ಚಿಕ್ಕವನು, ತೀರ ನರಪೇತಲ ಎಂದು ಹಿಂದಕ್ಕೆ ಕಳುಹಿಸಿದರು. ಆಟ ಬಿಡಬೇಕೆಂಬಷ್ಟು ಮನಸ್ಸು ಮುರಿದಿದ್ದವನನ್ನು ಬಾಶಿಚ್ ತಡೆದು ನಿಲ್ಲಿಸಿದರು. ಅವರ ಪ್ರಯತ್ನದಿಂದಲೇ ಹದಿನಾರನೆಯ ವಯಸ್ಸಿನಲ್ಲಿ ರಾಜಧಾನಿ ಝಾಗ್ರೆಬ್‌ನ ದಿನಾಮೊ ಕ್ಲಬ್ಬಿನ ಬಾಗಿಲು ತೆರೆಯಿತು.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳಬೇಕು. ನಮ್ಮ ಹುಡುಗನನ್ನೂ ಶಾಲೆಯ ತಂಡದ ಆಯ್ಕೆಯಲ್ಲಿ ಕುಳ್ಳನೆಂದು ಕೈಬಿಟ್ಟರು. ಮನೆಗೆ ಬಂದವನು ಊಟ ಮಾಡದೆ ಮಲಗಿದ. ಅವನ ಅಪ್ಪ ತಕ್ಷಣ ಮಾಡ್ರಿಚ್ಚನ ಉದಾಹರಣೆ ಎತ್ತಿಕೊಂಡ: ನೋಡು, ಅವನನ್ನೂ ಹೀಗೆಯೇ ಅಂದಿದ್ದರು, ಮುಂದೆ ಏನಾದ! ನನಗೆ ಆ ಸಮಾಧಾನ ಒಪ್ಪಲಿಲ್ಲ. ಕುಳ್ಳನೆಂದು ಮರಳಿ ಕಳುಹಿಸಲ್ಪಟ್ಟ ಹುಡುಗರು ಜಗತ್ತಿನಲ್ಲಿ ಲಕ್ಷಗಟ್ಟಲೆ ಇದ್ದಾರೆ. ಚಿನ್ನದ ಚೆಂಡು ಕೈಗೆ ಬಂದದ್ದು ಒಬ್ಬನಿಗೆ. ಗಣಿತ ಕಲಿಸಿದವಳು ಮಗುವಿಗೆ ಅಂಥ ಭರವಸೆ ಕೊಡಲಾರಳು. “ಅಂವಗ ಅಲ್ಲೆ ಒಬ್ಬರು ಬಾಶಿಚ್ ಇದ್ದರು, ನಿನಗ ಇಲ್ಲೆ ಯಾರದಾರ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀ ಅದೀಯಲ್ಲ ಅಜ್ಜಿ” ಎಂದ. ಅಂದಿನಿಂದ ಸಂಜೆ ನಾಲ್ಕೂವರೆಗೆ ನನ್ನ ಮೊಣಕಾಲು ನೋವಿನೊಡನೆ ಬಯಲಿಗೆ ಹೋಗಿ ಕಲ್ಲಿನ ಮೇಲೆ ಕುಳಿತುಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

ದಿನಾಮೊ ಸೇರಿದೊಡನೆ ಎಲ್ಲವೂ ಸುಲಭವಾಯಿತೆಂದಲ್ಲ. 2003ರಲ್ಲಿ ಆತನನ್ನು ನೆರೆಯ ಬೋಸ್ನಿಯಾದ ಮೊಸ್ತಾರ್ ನಗರದ ಝ್ರಿನ್ಸ್ಕಿ ಕ್ಲಬ್ಬಿಗೆ ಎರವಲು ಕೊಟ್ಟರು. ಆ ಲೀಗಿನ ಆಟ ಬಲು ಒರಟು. ಅಲ್ಲಿ ಆಡಬಲ್ಲವನು ಎಲ್ಲಿ ಬೇಕಾದರೂ ಆಡಬಲ್ಲ ಎಂಬರ್ಥದ ಮಾತನ್ನು ಆತ ಮುಂದೆ ಆಡಿದ್ದುಂಟು. ಹದಿನೆಂಟು ವರ್ಷದ ಆ ಹುಡುಗನೇ ಆ ಲೀಗಿನ ವರ್ಷದ ಆಟಗಾರನೆನಿಸಿದನು. ಮತ್ತೊಂದು ವರ್ಷ ಇಂಟರ್ ಝಾಪ್ರೆಶಿಚ್ ಎಂಬ ಸಣ್ಣ ಕ್ಲಬ್ಬಿನಲ್ಲಿ ಆಡಿ, 2005ರಲ್ಲಿ ದಿನಾಮೊಗೆ ಮರಳಿ ದೀರ್ಘ ಕರಾರಿಗೆ ಸಹಿ ಮಾಡಿದನು. ಆ ಹಣದಿಂದ ಝಾದರ್‌ನಲ್ಲಿ ತಂದೆತಾಯಿಗಳಿಗೆ ಸ್ವಂತ ಮನೆ ಕೊಂಡನು. ಹೋಟೆಲಿನ ಕೋಣೆಗಳಲ್ಲಿ ಸಂಸಾರ ಸಾಗಿಸಿದ ರಾದೊಯ್ಕಾ ತನ್ನದೇ ಅಡುಗೆಮನೆಯಲ್ಲಿ ಒಲೆ ಹೊತ್ತಿಸಿದ ದಿನವನ್ನು ಯಾವ ಕ್ರೀಡಾ ವರದಿಗಾರನೂ ಬರೆದಂತೆ ಕಾಣೆ. ನನಗೆ ಮಾತ್ರ ಅದನ್ನು ಓದಬೇಕೆಂಬ ಆಸೆ.

ಅಲ್ಲಿಂದ 2008ರಲ್ಲಿ ಲಂಡನ್ನಿನ ಟಾಟೆನ್‌ಹ್ಯಾಮ್, 2012ರಲ್ಲಿ ಮ್ಯಾಡ್ರಿಡ್. ಅಲ್ಲಿಯೂ ಮೊದಲಿಗೆ ಮಂಗಳಾರತಿಯೇ ಆಯಿತು. ಆ ಡಿಸೆಂಬರಿನಲ್ಲಿ ‘ಮಾರ್ಕಾ’ ಎಂಬ ಕ್ರೀಡಾ ಪತ್ರಿಕೆಯ ಓದುಗರು ಆ ಹಂಗಾಮಿನ ಅತ್ಯಂತ ದಂಡದ ಖರೀದಿ ಎಂದು ಆತನಿಗೇ ಮತ ಹಾಕಿದರು. ಅದೇ ಆಟಗಾರ ಆ ಕ್ಲಬ್ಬಿಗಾಗಿ ಯುರೋಪಿನ ಚಾಂಪಿಯನ್ಸ್ ಲೀಗನ್ನು ಆರು ಸಲ ಗೆದ್ದನು. ಮೊದಲನೆಯದು 2014ರಲ್ಲಿ, ಲಿಸ್ಬನ್‌ನಲ್ಲಿ. ಒಂದು ಗೋಲು ಹಿಂದೆ ಬಿದ್ದು ಆಟ ಮುಗಿಯಿತೆಂಬ ಹೊತ್ತಿನಲ್ಲಿ, ಹೆಚ್ಚುವರಿ ನಿಮಿಷಗಳಲ್ಲಿ, ಮೂಲೆಯಿಂದ ಮಾಡ್ರಿಚ್ ಒದ್ದ ಚೆಂಡನ್ನು ಸೆರ್ಗಿಯೊ ರಾಮೋಸ್ ತಲೆಯಿಂದ ಬಲೆಗೆ ಹೊಡೆದನು. ಗೋಲಿನ ಲೆಕ್ಕ ರಾಮೋಸನ ಹೆಸರಿಗೆ.

ಇನ್ನೊಂದನ್ನು ನಾನೇ ಕಣ್ಣಾರೆ ಕಂಡೆ. 2022ರ ಏಪ್ರಿಲ್ 12, ಚೆಲ್ಸಿ ತಂಡದ ಎದುರು ಎರಡನೆಯ ಸುತ್ತು. ನಮ್ಮಲ್ಲಿ ಮಧ್ಯರಾತ್ರಿ ದಾಟಿತ್ತು. ಮೊದಲ ಪಂದ್ಯದಲ್ಲಿ 3–1ರಿಂದ ಗೆದ್ದಿದ್ದ ಮ್ಯಾಡ್ರಿಡ್, ಸ್ವಂತ ಮೈದಾನದಲ್ಲಿ ಮೂರು ಗೋಲು ಬಿಟ್ಟುಕೊಟ್ಟು ಮನೆಗೆ ಹೋಗುವುದರಲ್ಲಿತ್ತು. ಇನ್ನು ಹತ್ತು ನಿಮಿಷ. ಎಡಮಗ್ಗುಲಲ್ಲಿ ಚೆಂಡು ಪಡೆದ ಮಾಡ್ರಿಚ್ ಬಲಗಾಲಿನ ಹೊರ ಅಂಚಿನಿಂದ ಅದನ್ನು ಎತ್ತಿ ಕಳುಹಿಸಿದ. ಚೆಂಡು ಗಾಳಿಯಲ್ಲಿ ಬಾಗಿ, ರಕ್ಷಕರ ತಲೆಗಳನ್ನೆಲ್ಲ ದಾಟಿ, ಆಚೆ ಬದಿಯಿಂದ ಓಡಿಬರುತ್ತಿದ್ದ ರೊದ್ರಿಗೊ ಎಂಬ ಹುಡುಗನ ಪಾದಕ್ಕೆ ಇಳಿಯಿತು. ಗೋಲು. ಆಗ ಮಾಡ್ರಿಚ್ಚನಿಗೆ ಮೂವತ್ತಾರು. ನಮ್ಮ ಯಜಮಾನರು ಎಚ್ಚೆತ್ತು, “ಯಾರ ಮನ್ಯಾಗ ಏನಾತು?” ಎಂದು ಗಾಬರಿಯಿಂದ ಕೇಳುವಷ್ಟು ಜೋರಾಗಿ ನಾವಿಬ್ಬರೂ ಕೂಗಿದ್ದೆವು. ಮುಂದೆ ಹೆಚ್ಚುವರಿ ಸಮಯದಲ್ಲಿ ಬೆಂಜೆಮಾ ಇನ್ನೊಂದು ಗೋಲು ಹೊಡೆದು ಮ್ಯಾಡ್ರಿಡ್ ಪಾರಾಯಿತು.

ಕ್ರೊಯೇಷಿಯಾದ ಜನಸಂಖ್ಯೆ ನಲವತ್ತು ಲಕ್ಷಕ್ಕೂ ಕಡಿಮೆ. ಆ ದೇಶವು 1998ರ ತನ್ನ ಮೊದಲ ವಿಶ್ವಕಪ್ಪಿನಲ್ಲಿಯೇ ಮೂರನೆಯ ಸ್ಥಾನ ಪಡೆದಾಗ ಲೂಕಾ ಹನ್ನೆರಡರ ಹುಡುಗ. (ಆ ತಂಡದಲ್ಲಿದ್ದ ಇಗೋರ್ ಸ್ತಿಮಾಚ್ ಮುಂದೆ 2019ರಿಂದ 2024ರವರೆಗೆ ನಮ್ಮ ಭಾರತ ತಂಡಕ್ಕೆ ತರಬೇತುದಾರರಾಗಿದ್ದರು. 2023ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತವು ಕುವೈತನ್ನು ಸೋಲಿಸಿ ಸ್ಯಾಫ್ ಕಪ್ ಗೆದ್ದದ್ದು ಅವರ ಕಾಲದಲ್ಲಿಯೇ.) ಇಪ್ಪತ್ತು ವರ್ಷಗಳ ನಂತರ, 2018ರಲ್ಲಿ, ರಷ್ಯಾದಲ್ಲಿ ಆ ದೇಶದ ನಾಯಕನಾಗಿ ಆಡಿದವನು ಮಾಡ್ರಿಚ್. ಜುಲೈ 1ರಂದು ಡೆನ್ಮಾರ್ಕ್ ಎದುರು ಆಟ 1–1ರಲ್ಲಿ ನಿಂತು, ಹೆಚ್ಚುವರಿ ಸಮಯ ಮುಗಿಯಲು ನಾಲ್ಕು ನಿಮಿಷವಿರುವಾಗ ಪೆನಾಲ್ಟಿ ದೊರೆಯಿತು. ನಾಯಕನೇ ಒದ್ದನು. ಡೆನ್ಮಾರ್ಕಿನ ಗೋಲ್‌ಕೀಪರ್ ಹಿಡಿದುಬಿಟ್ಟನು. 2008ರ ಯೂರೊ ಕಪ್ಪಿನಲ್ಲಿಯೂ ತುರ್ಕಿಯ ಎದುರು ಹೀಗೆಯೇ ಪೆನಾಲ್ಟಿ ತಪ್ಪಿಸಿಕೊಂಡು ಅತ್ತಿದ್ದವನು ಆತ. ಕೆಲವೇ ನಿಮಿಷಗಳಲ್ಲಿ ಪೆನಾಲ್ಟಿಗಳಿಂದಲೇ ಪಂದ್ಯ ತೀರ್ಮಾನವಾಗಬೇಕಾಯಿತು. ಬೇರೆಯವರು ಒದೆಯಲಿ ಎಂದು ಹಿಂದೆ ಸರಿದಿದ್ದರೆ ಯಾರೂ ದೂರುತ್ತಿರಲಿಲ್ಲ. ಆತ ಮತ್ತೆ ನಡೆದು ಬಂದನು, ಚೆಂಡನ್ನಿಟ್ಟನು, ಅದೇ ಗೋಲ್‌ಕೀಪರನ ಎದುರು ಗೋಲು ಹೊಡೆದನು. ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದೆ. ಅತ್ತ ಮೂರು ಪೆನಾಲ್ಟಿಗಳನ್ನು ತಡೆದು ತಂಡವನ್ನು ಉಳಿಸಿದ ಸುಬಾಶಿಚ್ ಕೂಡ ಝಾದರ್ ಪಟ್ಟಣದವನೇ.

ಆಮೇಲೆ ರಷ್ಯಾ, ಇಂಗ್ಲೆಂಡ್. ಸತತ ಮೂರು ಪಂದ್ಯಗಳಲ್ಲಿ ನೂರಿಪ್ಪತ್ತು ನಿಮಿಷ ಆಡಿದ ತಂಡವು ಜುಲೈ 15ರ ಅಂತಿಮ ಪಂದ್ಯದಲ್ಲಿ ಫ್ರಾನ್ಸ್‌ಗೆ 4–2ರಿಂದ ಸೋತಿತು. ಟೂರ್ನಿಯ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿಯನ್ನು ಮಳೆಯಲ್ಲಿ ನಿಂತು ಕೈಗೆತ್ತಿಕೊಂಡಾಗ ಆ ಮುಖದಲ್ಲಿ ನಗೆಯಿರಲಿಲ್ಲ. ಝಾಗ್ರೆಬ್‌ನಲ್ಲಿ ಮಾತ್ರ ಲಕ್ಷಾಂತರ ಜನ ಬೀದಿಗಿಳಿದು, ವಿಮಾನ ನಿಲ್ದಾಣದಿಂದ ನಗರದ ಚೌಕಕ್ಕೆ ಬಸ್ಸು ಬರಲು ಗಂಟೆಗಟ್ಟಲೆ ಹಿಡಿಯಿತು.

ಅದೇ ಜನರಲ್ಲಿ ಅನೇಕರು ಅದಕ್ಕೆ ಒಂದೇ ವರ್ಷ ಹಿಂದೆ ಆತನ ಮೇಲೆ ಕೆಂಡ ಕಾರಿದ್ದರು. ಈ ಭಾಗವನ್ನು ಬಿಟ್ಟು ಬರೆದರೆ ಅದು ಅರ್ಧ ಕಥೆಯಾದೀತು. ದಿನಾಮೊ ಕ್ಲಬ್ಬಿನ ಹಿಂದಿನ ಮುಖ್ಯಸ್ಥ ಝ್ದ್ರಾವ್ಕೊ ಮಾಮಿಚ್ ಮೇಲೆ, ಆಟಗಾರರ ಮಾರಾಟದ ಹಣವನ್ನು ಕುರಿತ ಮೊಕದ್ದಮೆ ನಡೆದಿತ್ತು. 2017ರ ಜೂನ್‌ನಲ್ಲಿ ಸಾಕ್ಷಿಯಾಗಿ ಬಂದ ಮಾಡ್ರಿಚ್ ಕಟಕಟೆಯಲ್ಲಿ ಮತ್ತೆ ಮತ್ತೆ ನೆನಪಿಲ್ಲ ಎಂದನು. ಹಿಂದೆ ತನಿಖೆಯಲ್ಲಿ ಹೇಳಿದ್ದಕ್ಕೂ ಇದಕ್ಕೂ ತಾಳೆಯಾಗದೆ, 2018ರ ಮಾರ್ಚ್‌ನಲ್ಲಿ ಸುಳ್ಳು ಸಾಕ್ಷ್ಯದ ಆರೋಪ ಬಂತು. ಆ ವರ್ಷವೇ ನ್ಯಾಯಾಲಯವು ಆ ಆರೋಪವನ್ನು ತಳ್ಳಿಹಾಕಿತು. ಆದರೆ ಬಾಲ್ಯದಲ್ಲಿ ನಿರಾಶ್ರಿತನಾಗಿದ್ದ ಹೋಟೆಲಿನ ಗೋಡೆಯ ಮೇಲೆಯೇ ಯಾರೋ, ಲೂಕಾ, ಒಂದು ದಿನ ನಿನಗೆ ಇದು ನೆನಪಾಗುತ್ತದೆ ಎಂದು ಬರೆದುಹೋಗಿದ್ದರು. ಬೇರೆ ಗೋಡೆ ಸಿಗಲಿಲ್ಲವೇ ಎನಿಸಿತು ನನಗೆ. ಕಟಕಟೆಯಲ್ಲಿ ನಿಂತವನ ಮನಸ್ಸಿನಲ್ಲಿ ಏನಿತ್ತೆಂದು ತೀರ್ಪು ಕೊಡಲು ನಾನು ಯಾರು? ಮೊಮ್ಮಗ ಅದನ್ನು ಕೇಳಿ ಬೇಸರಪಟ್ಟ. ಗೋಡೆಯ ಮೇಲಿನ ಭಾವಚಿತ್ರದಲ್ಲಿ ಇರುವವರೂ ಮನುಷ್ಯರೇ ಎಂದಷ್ಟೇ ಹೇಳಿದೆ. ಚಿತ್ರವನ್ನು ಅವನೇನೂ ತೆಗೆಯಲಿಲ್ಲ.

2025ರ ಮೇ 24ರಂದು ಮ್ಯಾಡ್ರಿಡ್‌ನ ಬೆರ್ನಬೇವು ಕ್ರೀಡಾಂಗಣದಲ್ಲಿ ಆತ ಕೊನೆಯ ಪಂದ್ಯವಾಡಿದನು. ಆಟ ಮುಗಿಯುವ ಮೊದಲೇ ಆತನನ್ನು ಹೊರಕ್ಕೆ ಕರೆದರು. ಎರಡೂ ಬದಿ ಸಾಲಾಗಿ ನಿಂತವರ ನಡುವೆ ನಡೆದು ಬಂದವನನ್ನು, ಬಹುಕಾಲ ಜೊತೆಯಲ್ಲಿ ಮೈದಾನದ ನಡುಭಾಗವನ್ನು ಕಾಯ್ದು ಹಿಂದಿನ ವರ್ಷ ನಿವೃತ್ತನಾಗಿದ್ದ ಟೋನಿ ಕ್ರೂಸ್ ಅಂಚಿನಲ್ಲಿ ನಿಂತು ಅಪ್ಪಿಕೊಂಡನು. ಇನ್ನು ಸಾಕು, ಮನೆಗೆ ಹೋಗಿ ವಿಶ್ರಾಂತಿ ತಕ್ಕೊಳ್ಳಲಿ ಎಂದು ನಾನೆಂದರೆ, ಆ ಜುಲೈನಲ್ಲಿ ಆತ ಇಟಲಿಯ ಎ.ಸಿ. ಮಿಲಾನ್ ಸೇರಿದ. ಹುಡುಗನಾಗಿದ್ದಾಗ, ತನ್ನ ದೇಶದ ಬೊಬಾನ್ ಅಲ್ಲಿ ಆಡುತ್ತಿದ್ದನೆಂಬ ಕಾರಣಕ್ಕೆ ಆತ ಮೆಚ್ಚಿಕೊಂಡಿದ್ದ ತಂಡ ಅದು. ಸೆಪ್ಟೆಂಬರ್ 9ಕ್ಕೆ ನಲವತ್ತು ತುಂಬಿತು. ಐದು ದಿನಗಳ ನಂತರ ಬೊಲೊನ್ಯಾ ತಂಡದ ಎದುರು ಮಿಲಾನ್ 1–0ರಿಂದ ಗೆದ್ದಿತು. ಆ ಒಂದು ಗೋಲನ್ನು ಹೊಡೆದವನು ಅವನೇ.