ಸೋತ ದೇವರ ಎತ್ತರದ ಮನೆ

ದೇಗುಲವೆಂದರೆ ಮೆಟ್ಟಿಲೇರಿ ಹೋಗುವುದೇ ರೂಢಿ. ಜಪಾನಿನ ಶಿಮಾನೆ ಪ್ರಾಂತ್ಯದ ಇಝುಮೊ ತೈಶಾದಲ್ಲಿ ಮಹಾದ್ವಾರವನ್ನು ದಾಟಿದ ಯಾತ್ರಿಕನು ಇಳಿಜಾರಿನಲ್ಲಿ ಇಳಿಯಬೇಕು. ಮುಂದೆ ಪೈನ್ ಮರಗಳ ಸಾಲು. ಗರ್ಭಗೃಹದ ಎದುರು ಎರಡು ಸಲ ಬಾಗಿ, ನಾಲ್ಕು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ಇಲ್ಲಿಯ ಕ್ರಮ. ಉಳಿದ ಬಹುತೇಕ ಶಿಂಟೋ ಗುಡಿಗಳಲ್ಲಿ ಚಪ್ಪಾಳೆ ಎರಡೇ.

ಇಲ್ಲಿಯ ದೇವರು ಓಕುನಿನುಶಿ. 712ರಲ್ಲಿ ಸಿದ್ಧವಾದ ‘ಕೊಜಿಕಿ’ಯಲ್ಲಿ ಅವನು ಮೊದಲು ಅಣ್ಣಂದಿರ ಚೀಲ ಹೊರುವವನಾಗಿ ಕಾಣಿಸಿಕೊಳ್ಳುತ್ತಾನೆ. ಚರ್ಮ ಸುಲಿದು ನರಳುತ್ತಿದ್ದ ಮೊಲಕ್ಕೆ ಅಣ್ಣಂದಿರು ಉಪ್ಪುನೀರಿನಲ್ಲಿ ಮೀಯಲು ಹೇಳಿ ನಕ್ಕು ಹೋದರು; ಇವನು ಸಿಹಿನೀರಿನಲ್ಲಿ ತೊಳೆದುಕೊಂಡು ಜೊಂಡಿನ ಪರಾಗದ ಮೇಲೆ ಹೊರಳೆಂದನು. ಬೌದ್ಧರೊಡನೆ ಭಾರತದಿಂದ ಜಪಾನಿಗೆ ಹೋದ ಮಹಾಕಾಲನು ಅಲ್ಲಿ ‘ದೈಕೊಕು’ವಾಗಿ, ಮುಂದೆ ಇದೇ ದೇವರೊಡನೆ ಬೆರೆತನು. ಇಬ್ಬರ ಹೆಗಲಿನಲ್ಲೂ ಚೀಲವುಂಟು!

ಓಕುನಿನುಶಿ ಕಟ್ಟಿ ಬೆಳೆಸಿದ ನಾಡು ತನ್ನ ಸಂತತಿಗೆ ಸೇರತಕ್ಕದ್ದೆಂದು ಸೂರ್ಯದೇವತೆ ಅಮತೆರಾಸು ಹೇಳಿ ಕಳುಹಿದಳು. ಗುಡಿಯಿಂದ ಪಶ್ಚಿಮಕ್ಕಿರುವ ಇನಾಸಾ ಕಡಲತಡಿಯಲ್ಲಿ ಅವಳ ದೂತನು ಖಡ್ಗವನ್ನು ಅಲೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ, ಅದರ ಮೊನೆಯ ಮೇಲೆ ಕುಳಿತು ಉತ್ತರ ಕೇಳಿದನು. ಒಬ್ಬ ಮಗ ಒಪ್ಪಿದನು, ಇನ್ನೊಬ್ಬನು ಸೆಣಸಿ ಸೋತು ಓಡಿದನು. ತಂದೆ ನಾಡನ್ನು ಬಿಟ್ಟುಕೊಟ್ಟು, ಬದಲಿಗೆ ಮುಗಿಲೆತ್ತರದ ಮನೆಯೊಂದನ್ನು ಬೇಡಿದನು. ಗೆದ್ದವರ ಆಸ್ಥಾನವೇ ಬರೆಯಿಸಿದ ಗ್ರಂಥವಿದು. ‘ಬಿಟ್ಟುಕೊಟ್ಟನು’ ಎಂಬ ಮೃದು ಮಾತಿನ ಅಡಿಯಲ್ಲಿ ಖಡ್ಗದ ಮೊನೆ ಕಾಣದಿರದು. ಆದರೂ ಕಣ್ಣಿಗೆ ಕಾಣದ ಲೋಕದ ಅಧಿಕಾರ ಅವನಲ್ಲೇ ಉಳಿಯಿತು. ಚಾಂದ್ರಮಾನದ ಹತ್ತನೆಯ ತಿಂಗಳಲ್ಲಿ ದೇಶದ ದೇವತೆಗಳೆಲ್ಲ ಮನುಷ್ಯರ ಸಂಬಂಧಗಳನ್ನು ನಿಶ್ಚಯಿಸಲು ಇಲ್ಲಿ ಸೇರುವರೆಂಬ ನಂಬಿಕೆಯಿದೆ. ಬೇರೆಡೆ ಅದು ‘ದೇವರಿಲ್ಲದ ತಿಂಗಳು’, ಇಝುಮೊದಲ್ಲಿ ಮಾತ್ರ ‘ದೇವರಿರುವ ತಿಂಗಳು’.

ಆ ಮನೆಯ ಮಾತು ಏನಾಯಿತು? 1744ರಲ್ಲಿ ಕಟ್ಟಿದ ಈಗಿನ ಗುಡಿ ಸುಮಾರು 24 ಮೀಟರ್ ಎತ್ತರವಿದೆ. ಹಿಂದೆ ಇದರ ಎರಡರಷ್ಟು, 48 ಮೀಟರ್ ಇತ್ತೆಂಬುದು ಪರಂಪರೆಯ ಹೇಳಿಕೆ. ಅರ್ಚಕ ಮನೆತನದಲ್ಲಿದ್ದ ಹಳೆಯ ನಕ್ಷೆಯೊಂದು ಮೂರು ಮರಗಳನ್ನು ಒಟ್ಟುಗೂಡಿಸಿದ ಕಂಬಗಳನ್ನು ತೋರಿಸುತ್ತಿತ್ತು. ಅದನ್ನು ನಂಬದ ವಿದ್ವಾಂಸರೂ ಇದ್ದರು. 2000ದಲ್ಲಿ ಆವರಣವನ್ನು ಅಗೆದಾಗ ಅಂಥ ಕಂಬದ ಬುಡವೇ ಸಿಕ್ಕಿತು: ಒಂದೊಂದೂ ಒಂದು ಮೀಟರಿಗಿಂತ ದಪ್ಪನಾದ ಮೂರು ಸುಗಿ ಮರಗಳು, ಒಟ್ಟು ಅಗಲ ಸುಮಾರು 3 ಮೀಟರ್. ಅವು 13ನೆಯ ಶತಮಾನದವೆಂದು ತಿಳಿದುಬಂದಿದೆ. ಎತ್ತರದ ಚರ್ಚೆ ಇನ್ನೂ ನಡೆದಿದೆ. ಕಂಬ ಸಿಕ್ಕ ಜಾಗದ ನೆಲಹಾಸಿನಲ್ಲಿ ಮೂರು ವೃತ್ತಗಳನ್ನು ಗುರುತಿಸಿದ್ದಾರೆ; ಬಂದವರು ಅವುಗಳ ಅಂಚಿನಲ್ಲಿ ನಿಂತು ಮೇಲಕ್ಕೆ ನೋಡುತ್ತಾರೆ.